ಆ ಮಹಿಳೆಯ ಮಾತಿನ ಅರ್ಥವೇನು?

ಒಂಟಿಯಾಗಿ ಇರುವವನ ಮನೆಯಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಸಂಸಾರಸ್ಥರ ಮನೆಯಲ್ಲಿ ಏನಾದರೂ ಫಜೀತಿಯಾದರೆ ನಗಲಿಕ್ಕೆ ನಾಲ್ಕು ಜನ ಇರುತ್ತಾರೆ. ನನ್ನಂಥವನು ಫಜೀತಿಯನ್ನೂ ತಾನೇ ಪಡಬೇಕು, ನಗುವುದನ್ನೂ ತಾನೇ ನಗಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹಿಂದವಾಡಿಯಲ್ಲಿ ಮಾಳಿಗೆಯ ಮೇಲೊಂದು ಬಾಡಿಗೆ ಖೋಲಿ. ಪರದೇಶದಲ್ಲಿ ಓದಬೇಕೆನ್ನುವವರು ಮುಂಬಯಿಗೆ ಹೋಗಿ ಒಂದು ಇಂಗ್ಲಿಷ್ ಪರೀಕ್ಷೆ ಕೊಡಬೇಕಿತ್ತು. ಅದಕ್ಕೆ ತಯಾರಾಗಲು ಸಂಜೆ ಹನ್ನೊಂದು ಹುಡುಗ ಹುಡುಗಿಯರು ನನ್ನ ಖೋಲಿಗೆ ಬರುತ್ತಿದ್ದರು. ಏಳು ಗಂಟೆಗೆ ಅವರೆಲ್ಲ ಚಪ್ಪಲಿ ಮೆಟ್ಟಿ ಇಳಿದುಹೋದ ಮೇಲೆ ಆ ಸಣ್ಣ ಖೋಲಿ ವಿಪರೀತ ದೊಡ್ಡದಾಗುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ.

೧. ಮೂರು ಸುಳ್ಳು

ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು ಮಗನನ್ನು ಸೇರಿಸಲು ಬಂದರು. ಪರೀಕ್ಷೆ ಹೇಗಿರುತ್ತದೆ ಎಂದು ಕೇಳಿದರು. ಪ್ರತಿ ಪ್ರಶ್ನೆಗೂ ಪರೀಕ್ಷೆ ನಡೆಸುವ ಪರದೇಶದವರೇ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದ ಒಂದಕ್ಕೆ ಗುರುತು ಹಾಕಬೇಕು ಎಂದೆ.

“ಉಳದ ಮೂರು?”

“ತಪ್ಪು ಇರತಾವ್ರಿ.”

“ತಪ್ಪು ಅಂತ ಅವರಿಗೆ ಗೊತ್ತೈತಿ?”

“ಗೊತ್ತೈತ್ರಿ.”

“ಗೊತ್ತಿದ್ದೂ ಇಟ್ಟಾರ! ನಾನು ಮೂರು ಕೆಟ್ಟ ಪೆಂಟಿ ಬೆಲ್ಲದ ಜೋಡಿ ಒಂದು ಛಲೋದು ಇಟ್ಟು ಗಿರಾಕಿಗೆ ಆರಸ್ಕೊ ಅಂದ್ರ ಎಂಟ ದಿನದಾಗ ನನ್ನ ಅಂಗಡಿ ಬಂದ್ ಆಗತೈತಿ. ಅವರ ದೇಶ ಹೆಂಗ ನಡದೈತ್ರಿ ಮಾಸ್ತರ?”

ನಾನು ಹುಡುಗನ ಹೆಸರು ಬರೆದುಕೊಂಡೆ.

೨. ಎರಡು ಪ್ಲೇಟು

ಪರೀಕ್ಷೆಯ ಒಂದು ಭಾಗ ಕಿವಿಯದು. ಟೇಪಿನಲ್ಲಿ ಒಬ್ಬ ಗಂಡಸು ಏನೋ ಹೇಳುತ್ತಾನೆ, ಒಬ್ಬ ಹೆಂಗಸು ಉತ್ತರ ಕೊಡುತ್ತಾಳೆ. ಆಮೇಲೆ ಪ್ರಶ್ನೆ: “ಆ ಮಹಿಳೆಯ ಮಾತಿನ ಅರ್ಥವೇನು?” ಅಂಥ ಕ್ಯಾಸೆಟ್ಟು ಆಗ ಬೆಳಗಾವಿಯಲ್ಲಿ ಎಲ್ಲಿ ಸಿಗಬೇಕು? ನಾನೇ ಟೇಪ್ ರೆಕಾರ್ಡರ್ ಮುಂದೆ ಕುಳಿತು ಗಂಡಸಿನ ಮಾತು ದಪ್ಪ ದನಿಯಲ್ಲಿ, ಹೆಂಗಸಿನ ಮಾತು ಸಣ್ಣ ದನಿಯಲ್ಲಿ ಹೇಳಿ ಕ್ಯಾಸೆಟ್ಟು ತುಂಬಿಸತೊಡಗಿದೆ.

ಎರಡನೆಯ ದಿನ ಕೆಳಗಿನ ಮನೆಯ ಮಾಲಕಿ ಮೇಲೆ ಬಂದರು. ಅರವತ್ತು ದಾಟಿದವರು, ನಾನು ಕಾಕೂ ಎನ್ನುತ್ತಿದ್ದೆ. ಕೈಯಲ್ಲಿ ಎರಡು ಪ್ಲೇಟು ಅವಲಕ್ಕಿ. ಬಾಗಿಲ ಹಿಂದೆ ನೋಡಿದರು, ಬಗ್ಗಿ ಮಂಚದ ಕೆಳಗೂ ನೋಡಿದರು.

“ಎಲ್ಲದಾರ ಅವ್ರು?”

“ಯಾರ್ರಿ ಕಾಕೂ?”

“ನೀವು ಇಂಗ್ಲಿಷಿನ್ಯಾಗ ಮಾತಾಡಸ್ತಿದ್ರಲ್ಲ, ಅವ್ರು. ಪಾಪ, ದನಿ ಕೇಳಿದ್ರ ನೆಗಡಿ ಆದಂಗಿತ್ತು.”

ಅದು ನಾನೇ ಎಂದು ಹೇಳಿ, ಸಣ್ಣ ದನಿ ತೆಗೆದು ತೋರಿಸಿದೆ. ನಕ್ಕಾರು ಎಂದುಕೊಂಡಿದ್ದೆ. ಅವರು ನಗಲಿಲ್ಲ.

“ಖರೇ ಹೆಂಗಸು ಇದ್ದಿದ್ರ ಇವತ್ತ ಖೋಲಿ ಖಾಲಿ ಮಾಡಸ್ತಿದ್ದೆ. ಇಲ್ಲಂದ ಮ್ಯಾಲ ಏನ ಮಾಡೂದು? ಎರಡೂ ಪ್ಲೇಟ ನೀವ ತಿನ್ರಿ.”

೩. ಏಳನೇ ಪ್ರಶ್ನೆಯ ರೈಲು

ನನ್ನ ಸಣ್ಣ ದನಿ ಕ್ಲಾಸಿನಲ್ಲೂ ನಡೆಯಲಿಲ್ಲ. ಖಾನಾಪುರದಿಂದ ಬರುತ್ತಿದ್ದ ಹುಡುಗಿ ಎದ್ದು ನಿಂತಳು. “ಸರ, ಗಂಡಸು ಯಾರು ಹೆಂಗಸು ಯಾರು ಅಂತ ತಿಳಿಯೂದ್ರಾಗ ಪ್ರಶ್ನಿ ಮುಗದಿರತೈತ್ರಿ. ನಮ್ಮೂರ ಸಾಲ್ಯಾಗ ಇಂಗ್ಲಿಷ್ ಟೀಚರ್ ಅದಾರ. ಕೇಳ್ಲೇನ್ರಿ?”

ಟೀಚರ್ ಒಪ್ಪಿದರು. ಮುಂದಿನ ರವಿವಾರ ಟೇಪ್ ರೆಕಾರ್ಡರನ್ನು ಚಾದರದಲ್ಲಿ ಸುತ್ತಿಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ಟೀಚರಿಗೂ ನನ್ನಷ್ಟೇ ವಯಸ್ಸು, ನನ್ನ ಹಾಗೆಯೇ ಒಂದು ಬಾಡಿಗೆ ಖೋಲಿ, ನನ್ನ ಹಾಗೆಯೇ ಒಬ್ಬರೇ. ಶಾಲೆಯ ಸಿಪಾಯಿ ಒಂದು ಕೋಣೆ ತೆರೆದುಕೊಟ್ಟು ಹೊಸ್ತಿಲಲ್ಲಿ ಕುಳಿತ. ನಾನು ಗಂಡಸಿನ ಮಾತು ಓದಿದೆ, ಅವರು ಹೆಂಗಸಿನದು. ರೈಲು ಹಳಿ ಶಾಲೆಯ ಹಿಂದೆಯೇ ಇದ್ದುದರಿಂದ ಏಳನೇ ಪ್ರಶ್ನೆಯ ನಡುವೆ ಒಂದು ಗಾಡಿ ಕೂಗುತ್ತ ಹೋಯಿತು. ಇರಲಿ ಎಂದು ಬಿಟ್ಟೆ.

ಆ ಕ್ಯಾಸೆಟ್ಟನ್ನೇ ಕೇಳಿ ಕೇಳಿ ತಯಾರಾದ ಬೆಲ್ಲದ ವ್ಯಾಪಾರಿಯ ಮಗ ಆ ವರ್ಷದ ಕೊನೆಗೆ ಮುಂಬಯಿಗೆ ಹೋಗಿ ಪರೀಕ್ಷೆ ಬರೆದು ಬಂದ. ಮುಖ ಬಾಡಿತ್ತು.

“ಸರಳ ಇತ್ರಿ ಸರ. ಆದ್ರ ಏಳನೇ ಪ್ರಶ್ನಿಗೆ ರೈಲ ಬರಲೇ ಇಲ್ಲ. ಮಶೀನ್ ಕೆಟ್ಟೈತಿ ಅಂತ ಕಾಯಕೋತ ಕುಂತೆ. ಎಂಟೂ ಹೋತು, ಒಂಬತ್ತೂ ಹೋತು.”

೪. ಮೂವತ್ತನೇ ಪ್ರಶ್ನೆ

ಕ್ಯಾಸೆಟ್ಟು ತುಂಬಲು ಎರಡು ರವಿವಾರ ಸಾಕಿತ್ತು. ನಾನು ಹತ್ತು ರವಿವಾರ ಹೋದೆ. ಓದುವುದು ಮುಗಿದ ಮೇಲೆ ಟೀಚರ್ ಥರ್ಮಾಸಿನಿಂದ ಚಹಾ ಸುರಿಯುತ್ತಿದ್ದರು. ಅಷ್ಟು ಹೊತ್ತು ನನ್ನ ಮಾತು ಕೇಳಲು ಒಬ್ಬರು ಇರುತ್ತಿದ್ದರು. ಸುಮ್ಮನೆ ಯಾಕೆ ಮುಚ್ಚುಮರೆ, ನನಗೆ ಅವರು ಬೇಕಾಗಿದ್ದರು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ಮೂವತ್ತನೇ ಪ್ರಶ್ನೆಯಲ್ಲಿ ಗಂಡಸಿಗೆ ಹೀಗೆ ಬರೆದೆ: “ಈ ಕೆಲಸ ಇಂದಿಗೆ ಮುಗಿಯಿತು. ಇನ್ನು ನಾನು ಬರುವುದು ಬೇಡವೇನೋ.” ಹೆಂಗಸಿನ ಸಾಲು ಖಾಲಿ ಬಿಟ್ಟೆ. “ಇಲ್ಲೆ ನಿಮಗ ತಿಳಿದದ್ದು ಹೇಳ್ರಿ” ಎಂದೆ. ಟೀಚರ್ ಕಿಟಕಿಯ ಕಡೆ ನೋಡಿ, ಇಂಗ್ಲಿಷಿನಲ್ಲಿ ಹೇಳಿದರು: “ಮುಂದಿನ ರವಿವಾರ ಛತ್ರಿ ತನ್ನಿ. ಅಷ್ಟರಲ್ಲಿ ಮಳೆ ಶುರುವಾಗಿರುತ್ತದೆ.”

ಮಳೆಗಾಲ ಬಂತು, ಇನ್ನು ಸಾಕು ಮಾಡಿ ಎಂದು ಮರ್ಯಾದೆಯಿಂದ ಹೇಳುತ್ತಿದ್ದಾರೆ ಎಂದುಕೊಂಡೆ. ರೈಲಿನಲ್ಲೇ ನಾಲ್ಕು ಉತ್ತರ ಬರೆದೆ. ಎ: ಮಳೆಯಲ್ಲಿ ಅವನು ತ್ರಾಸು ತೆಗೆದುಕೊಳ್ಳುವುದು ಬೇಡ. ಬಿ: ಅವನ ಬಳಿ ಛತ್ರಿ ಇಲ್ಲ. ಡಿ: ಆಕೆಗೆ ಮಳೆ ಸೇರುವುದಿಲ್ಲ. ನಾಲ್ಕಾಗಬೇಕಲ್ಲ ಎಂದು ಸುಮ್ಮನೆ ಸಿ ಬರೆದೆ: ಅವನು ಬರಲಿ ಎಂದು ಆಕೆಯ ಆಸೆ. ಸರಿಯುತ್ತರ ಎ ಎಂದು ಗುರುತು ಮಾಡಿಟ್ಟು, ಖಾನಾಪುರಕ್ಕೆ ಹೋಗುವುದನ್ನು ಬಿಟ್ಟೆ.

ಕ್ಲಾಸಿನಲ್ಲಿ ಆ ಪ್ರಶ್ನೆಯ ಸರದಿ ಬಂದದ್ದು ಶ್ರಾವಣದಲ್ಲಿ. ಹನ್ನೊಂದು ಜನರೂ ಸಿ ಹಾಕಿದ್ದರು. ಹನ್ನೊಂದಕ್ಕೂ ಕೆಂಪು ಪೆನ್ಸಿಲಿನಿಂದ ತಪ್ಪು ಎಳೆದೆ. ಖಾನಾಪುರದ ಹುಡುಗಿ ಎದ್ದಳು.

“ಸರ, ಟೀಚರ್ ಬಾ ಅಂತ ಅಂದಾರಲ್ರಿ?”

“ಟೀಚರ್ ಅಲ್ಲ, ಮಹಿಳೆ ಅನ್ನು.”

“ಮಹಿಳೆನರ ಯಾಕ ಅಂತಾಳ್ರಿ ಸರ? ಬರೂದು ಬ್ಯಾಡಾಗಿದ್ರ ಛತ್ರಿ ಯಾಕ ತಾ ಅಂತಾಳ?”

ಕುಂದರು ಎಂದು ಗದರಿದೆ. ಆಕೆ ಕುಳಿತಳು. ನನಗೆ ಮಾತ್ರ ಅಂದಿನಿಂದ ನೆಟ್ಟಗೆ ಕುಳಿತುಕೊಳ್ಳಲಾಗಲಿಲ್ಲ.

ಧೈರ್ಯ ಬರಲು ದಸರೆಯ ಸೂಟಿಯವರೆಗೆ ಹಿಡಿಯಿತು. ಹೊಸ ಛತ್ರಿ ಕೊಂಡು ಖಾನಾಪುರಕ್ಕೆ ಹೋದೆ. ಸುಡುಬಿಸಿಲು. ಶಾಲೆಯ ಅಂಗಳದಲ್ಲಿ ಸಿಪಾಯಿ ಒಬ್ಬನೇ ಇದ್ದ.

“ಟೀಚರ್ ಹ್ವಾದ ತಿಂಗಳ ವಿಜಾಪುರಕ್ಕ ಬದಲಿ ತಗೊಂಡು ಹೋದ್ರಲ್ರಿ. ಲಗ್ನಾನೂ ಅಲ್ಲೇ ಗೊತ್ತಾಗೈತಿ. ಎರಡ ತಿಂಗಳ ರವಿವಾರಕ್ಕೊಮ್ಮೆ ಖೋಲಿ ತಗಿಸಿ ಕುಂದರತಿದ್ರು. ಏನ ಕೆಲಸಿತ್ತೋ.” ಆಮೇಲೆ ನನ್ನ ಕೈ ನೋಡಿದ. “ಛತ್ರಿ ಅವರಿಗೆ ಕೊಡೂದಿತ್ತೇನ್ರಿ? ಬಿಡ್ರಿ, ವಿಜಾಪುರದಾಗ ಅದಕ್ಕ ಕೆಲಸಿಲ್ಲ.”

ಅಂದು ಸಂಜೆ ಖೋಲಿಯಲ್ಲಿ ಮೂವತ್ತನೇ ಪ್ರಶ್ನೆಯನ್ನು ತಿರುಗಿ ತಿರುಗಿ ಹಚ್ಚಿ ಕೇಳುತ್ತ ಕುಳಿತೆ. ಬಾಗಿಲು ಬಡಿದ ಸದ್ದು. ಕಾಕೂ, ಎರಡು ಪ್ಲೇಟು ಅವಲಕ್ಕಿ ಹಿಡಿದುಕೊಂಡು ನಿಂತಿದ್ದರು. ಮುಖ ಅರಳಿತ್ತು.

“ಈ ಸಲ ನಿಮ್ಮ ದನಿ ಅಲ್ಲ. ಖರೇ ಹೆಣ್ಣಿನ ದನಿ. ಬೈಯೂದಿಲ್ಲ, ಹೇಳ್ರಿ, ಎಲ್ಲದಾರ?”

ಟೇಪ್ ರೆಕಾರ್ಡರ್ ತೋರಿಸಿದೆ.

“ಏನಂತಾರ ಅವ್ರು?”

“ಮುಂದಿನ ರವಿವಾರ ಛತ್ರಿ ತರ್ರಿ, ಮಳಿ ಶುರು ಆಗಿರತೈತಿ ಅಂತಾರ್ರಿ.”

“ಮತ್ತ ನೀವು ಹೋಗಲಿಲ್ಲ?”

“ಇಲ್ರಿ ಕಾಕೂ.”

ಕಾಕೂ ಮೂಲೆಯಲ್ಲಿದ್ದ ಹೊಸ ಛತ್ರಿಯನ್ನು ನೋಡಿದರು, ನನ್ನನ್ನು ನೋಡಿದರು. ಒಂದಕ್ಷರ ಇಂಗ್ಲಿಷ್ ಬಾರದ ಹೆಂಗಸು ತಲೆ ಚಚ್ಚಿಕೊಂಡು ಅವಲಕ್ಕಿ ಮೇಜಿನ ಮೇಲಿಟ್ಟರು.

“ಎರಡೂ ಪ್ಲೇಟ ನೀವ ತಿನ್ರಿ.”