ನಾನು ಪಾಸು ಮಾಡಿದ ಹಲಗೆ

ಹಲಗೆ ಆರಿಸುವುದರಲ್ಲಿ ನನ್ನಷ್ಟು ಶಿಸ್ತಿನ ಹೆಂಗಸು ಶಹಾಪುರದಲ್ಲಿ ಇನ್ನೊಬ್ಬಳಿಲ್ಲ ಎಂದು ಹದಿನೈದು ದಿನ ನಂಬಿಕೊಂಡಿದ್ದೆ.

ಮೊಣಕಾಲಿನ ಆಪರೇಷನ್ ಆದ ಮೇಲೆ ನಮ್ಮತ್ತೆ ಮಾಳಿಗೆ ಹತ್ತಿರಲಿಲ್ಲ. ಸಂಜೆ ಅಲ್ಲಿ ಕೂತು ಎದುರಿನ ಗುಡ್ಡ ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮೇಲಿನ ಫರಸಿಕಲ್ಲೋ ಏರುಪೇರು. ಎಡವಿದರೆ ಏನು ಗತಿ? ಹಲಗೆ ಹಾಸಿಸಿ ಡೆಕ್ ಮಾಡಿಸೋಣ, ಯುಗಾದಿಗೆ ಅತ್ತೆ ಮೇಲೆ ಕೂಡಲಿ ಎಂದೆ. ಹಲಗೆ ಯಾವುದು? ಸಾಗವಾನಿಯೋ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಕಾಂಪೋಸಿಟ್ಟೋ?

ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಎರಡರದೂ ಒಂದೊಂದು ತುಂಡು ತರಿಸಿ ಎಂಟು ದಿನ ಬಕೆಟ್ಟಿನಲ್ಲಿ ನೆನೆಸಿದೆ. ಅರಿಷಿಣ ಚೆಲ್ಲಿದೆ. ಚಪ್ಪಲಿ ಮೆಟ್ಟಿ ಎರಡರ ಮೇಲೂ ಕುಣಿದೆ. ಪಟ್ಟಿ ಬರೆದು ಅಂಕ ಕೊಟ್ಟೆ. ಸಾಗವಾನಿ ಫೇಲು.

ಬಡಿಗ ಮಾನಪ್ಪ ಪಟ್ಟಿಯನ್ನು ಎರಡು ಸಲ ಓದಿದ. "ಅಕ್ಕಾರ, ಎಲ್ಲಾ ಬರೋಬರಿ ಅದ. ಬರಿಗಾಲಲೆ ನಿಂತು ನೋಡೀರೇನು?"

"ಯಾಕ್ರಿ?"

"ಸುಮ್ನ ಕೇಳಿದ್ನಿರಿ," ಎಂದು ಟೇಪು ಬಿಚ್ಚಿದ.

ಕೆಲಸ ಮಾತ್ರ ಎಷ್ಟು ಚಂದ! ಹಲಗೆ ಹಲಗೆಯ ನಡುವೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿ, ಸಂದನ್ನೆಲ್ಲ ಒಂದೇ ಸಮ ಇಟ್ಟಿದ್ದ.

ಯುಗಾದಿ ದಿನ, ನಾಲ್ಕು ಗಂಟೆ. ಅತ್ತೆ ಮಗನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಕೊನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟರು. ಹಪ್ಪಳ, ಶಂಡಗಿ ಒಣಗುವ ಮಾಳಿಗೆಗೆ ನಮ್ಮ ಮನೆಯಲ್ಲಿ ಯಾರೂ ಚಪ್ಪಲಿ ಒಯ್ಯುವುದಿಲ್ಲ. ಆ ನಿಯಮ ನನ್ನ ತಲೆಗೆ ಬಂದದ್ದು ಆ ಕ್ಷಣದಲ್ಲೇ.

"ಯವ್ವಾ, ಇದು ಹಲಗಿ ಅಲ್ಲ, ಕಾದ ಹಂಚು!"

ಅತ್ತೆ ಎರಡೇ ಜಿಗಿತಕ್ಕೆ ಮೆಟ್ಟಿಲಿಗೆ ವಾಪಸು.

"ಅವ್ವಾ, ಡಾಕ್ಟರ ಮುಂದೂ ಹಿಂಗ ನಡದು ತೋರಸು," ಎಂದರು ನನ್ನ ಯಜಮಾನರು.

ಹಬ್ಬದೂಟಕ್ಕೆ ಬಂದು ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿದ್ದ ಮಾನಪ್ಪನ ಕಡೆ ನಾನು ತಿರುಗಿದೆ. "ಮೊದ್ಲ ಹೇಳಬಾರದೇನ್ರಿ?"

"ಕೇಳಿದ್ನೆಲ್ರಿ, ಅಕ್ಕಾರ. ನಿಮ್ಮ ಪಟ್ಟಿಯೊಳಗ ಅದಕ್ಕ ಕಾಲಮ್ಮು ಇದ್ದಿದ್ದಿಲ್ಲ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರೊಟ್ಟಿ ಹಂಚಿನ ಕಾವು ನೋಡುವಂತೆ ಹಲಗೆಯ ಮೇಲೆ ಅಂಗೈ ತಾಗಿಸಿ, ತಲೆದೂಗಿದರು. "ಸುನಂದಾ, ನಾಳಿ ಶಂಡಗಿ ಹಾಕೂಣು. ಫರಸಿಗಿ ಎಲ್ಲಿದು ಇಂಥಾ ಕಾವು?"

ಮಾರನೆಯ ದಿನ ಮಧ್ಯಾಹ್ನದೊಳಗೆ ಶಂಡಗಿ ಗಲಗಲ ಎಂದಿತು. ಈಗ ಓಣಿಯ ಹೆಂಗಸರೆಲ್ಲ ಸೀರೆ, ಹಿಟ್ಟಿನ ಪಾತ್ರೆ ಹೊತ್ತು ಬರುತ್ತಾರೆ. ಅತ್ತೆ ಮೆಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಗುಡ್ಡವನ್ನೂ ಹೆಂಗಸರನ್ನೂ ಏಕಕಾಲಕ್ಕೆ ನೋಡುತ್ತಾರೆ. ಅವರ ಪಾದಗಳು ತಂಪಾಗಿ ಊರಿರುವುದು ಒಂದು ತುಂಡು ಸಾಗವಾನಿಯ ಮೇಲೆ. ಅದರ ಅರಿಷಿಣದ ಕಲೆ ಹೋಗಿಲ್ಲ. ನಾನು ಪೆನ್ಸಿಲ್ಲಿನಲ್ಲಿ ಬರೆದ 'ಫೇಲು' ಕೂಡ.

ಕಾಗೆ ಓಡಿಸುವ ಕೆಲಸ ನನ್ನದು. ಬರಿಗಾಲಲ್ಲಿ.