ತಂತಿಯಿಲ್ಲದ ಐರನ್ನೂ ದೇಸಾಯರೂ

ಮನೆಯಲ್ಲಿ ಯಾವುದಾದರೊಂದು ವಸ್ತು ಕೆಟ್ಟು ನಿಂತರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಇದನ್ನು ಹೆಂಡತಿಯ ಎದುರು ಹೇಳುವ ಹಾಗಿಲ್ಲ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಮುಖದ ಮೇಲೆ ಒಂದಿಷ್ಟು ಚಿಂತೆ ತಂದುಕೊಂಡು, "ಹೌದೇನು? ನೋಡೋಣ ತಡಿ" ಎನ್ನುತ್ತಲೇ ಸ್ಕ್ರೂಡ್ರೈವರ್ ಹುಡುಕಲು ಏಳುತ್ತೇನೆ. ವಿಮಾನ ನಗರದ ಆಫೀಸೊಂದರಲ್ಲಿ ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬರುವ ನನ್ನಂಥವನಿಗೆ ಸಂಜೆ ತನ್ನ ಕೈಯಿಂದಲೇ ಒಂದು ಬಲ್ಬು ಹತ್ತಿತು ಎನ್ನುವ ಸಂತೋಷ ಸಣ್ಣದಲ್ಲ. ಹತ್ತದೇ ಹೋದ ಬಲ್ಬುಗಳೂ ಉಂಟು. ಅವುಗಳ ವಿವರ ನನ್ನ ಹೆಂಡತಿ ಸುಧಾಳಿಗೆ ಬಾಯಿಪಾಠವಾಗಿದೆ. ಧಾರವಾಡದಲ್ಲಿ ನಮ್ಮ ಅಪ್ಪ ರೇಡಿಯೋ ನಿಂತರೆ ಅದರ ನೆತ್ತಿಯ ಮೇಲೆ ಒಂದು ಏಟು ಹಾಕುತ್ತಿದ್ದರು. ಅದು ಹೆದರಿ ಮಾತಾಡತೊಡಗುತ್ತಿತ್ತು. ಈಗಿನ ವಸ್ತುಗಳಿಗೆ ಹಿರಿಯರ ಹೆದರಿಕೆ ಉಳಿದಿಲ್ಲ. ಬಿಚ್ಚಲೇಬೇಕಾಗುತ್ತದೆ.

ಬಿಚ್ಚಿ ನೋಡಿದರೆ ಹತ್ತರಲ್ಲಿ ಎಂಟಕ್ಕೆ ರೋಗ ಒಂದೇ, ಒಳಗಿನ ಕೂದಲೆಳೆಯಂಥ ತಂತಿ ಕಿತ್ತಿರುತ್ತದೆ. ಅದನ್ನು ಮತ್ತೆ ಬೆಸೆಯಲು ಸೋಲ್ಡರಿಂಗ್ ಐರನ್ ಬೇಕು. ಅದು ನಮ್ಮ ಮನೆಯಲ್ಲಿ ಇರಲಿಲ್ಲ. ಈ ಮರಾಠಿ ಊರಿನಲ್ಲಿ, ಯೆರವಡಾದ ನಮ್ಮ ಕಟ್ಟಡದಲ್ಲಿ ಇದ್ದದ್ದು ಒಂದೇ ಮನೆಯಲ್ಲಿ, ಎರಡು ಅಂತಸ್ತು ಕೆಳಗಿನ ದೇಸಾಯರ ಮನೆಯಲ್ಲಿ. ದೇಸಾಯರು ಬೆಳಗಾವಿ ಕಡೆಯವರು. ಬಾರಾಮತಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗ ನೋಡಿಕೊಂಡಿದ್ದು ನಿವೃತ್ತರಾದವರು. ಮರದ ಹಿಡಿಕೆಯ ಅವರ ಐರನ್ನು ಅವರಷ್ಟೇ ಹಿರಿಯದು, ಬಿಸಿಯಾಗಲು ಅವರಷ್ಟೇ ಸಮಯ ಬೇಕು. ಅದನ್ನು ಕೇಳಲು ಹೋದರೆ ಮೊದಲು ಚಹಾ ಆಗಬೇಕು. ಚಹಾದ ಜೊತೆ ಅವರ ಮನೆಯವರು ಇಂದಿರಾಬಾಯಿ ಮಾಡಿದ ಹಚ್ಚಿದ ಅವಲಕ್ಕಿ ಆಗಬೇಕು. ಆಮೇಲೆ ಐರನ್ನಿನ ವೈರು ಗಿಡ್ಡ ಇರುವುದರಿಂದ ಎಕ್ಸ್‌ಟೆನ್ಶನ್ ಬಾಕ್ಸು ಬರಬೇಕು, ಬಾಕ್ಸಿನ ಹಿಂದೆಯೇ ದೇಸಾಯರು ಬರಬೇಕು. ಕೆಲಸ ನನ್ನದು, ಉಸ್ತುವಾರಿ ಅವರದು. "ತುದಿ ಒರಸ್ರಿ ಮದ್ಲ. ಹಾಂ. ಬೆಸಗಿ ಸೀಸ ಭಾಳ ಹಚ್ಚಬ್ಯಾಡ್ರಿ, ಉಪ್ಪಿಟ್ಟಿಗೆ ತುಪ್ಪ ಹಾಕಲಿಕ್ಕತ್ತೀರೇನು? ನಮ್ಮ ಬಾರಾಮತಿ ಫ್ಯಾಕ್ಟರಿಯೊಳಗ ಹಿಂಗ ಮಾಡಿದ್ದರ ಇಡೀ ಗಾಳಪ ನಿಂತು ಹೋಗ್ತಿತ್ತು." ಗಾಳಪ ಎಂದರೆ ಕಬ್ಬು ಅರೆಯುವುದು. ನನ್ನ ಕೈಯಲ್ಲಿದ್ದದ್ದು ಸೊಳ್ಳೆ ಹೊಡೆಯುವ ಬ್ಯಾಟು. ಅದಕ್ಕೂ ಒಂದು ಸಕ್ಕರೆ ಕಾರ್ಖಾನೆ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಹೀಗೆ ಎಷ್ಟೋ ವರ್ಷ ನಡೆಯಿತು. ಕೊನೆಗೊಂದು ದಿನ, ಟಾರ್ಚಿನ ಒಂದೇ ಒಂದು ಬೆಸುಗೆಗಾಗಿ ಬಾರಾಮತಿಯ ಪೂರ್ತಿ ಇತಿಹಾಸ ಕೇಳಿದ ಮೇಲೆ, ಸ್ವಂತದ್ದೊಂದು ಐರನ್ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ. ತೆಗೆದುಕೊಂಡರೆ ಬ್ಯಾಟರಿಯದೇ. ವೈರು ಇರಬಾರದು, ಎಕ್ಸ್‌ಟೆನ್ಶನ್ ಬಾಕ್ಸು ಇರಬಾರದು, ಕಿವಿಯ ಹತ್ತಿರ ಯಾರೂ ಇರಬಾರದು. ಆದರೆ ಆರಿಸುವುದು ನಾನು ತಿಳಿದಷ್ಟು ಹಗುರದ ಕೆಲಸವಾಗಿರಲಿಲ್ಲ. ಪೆನ್ಸಿಲ್ ಸೆಲ್ಲಿನವು ಇದ್ದವು. ಅವು ಬಿಸಿಯಾಗುವಷ್ಟರಲ್ಲಿ ಸೆಲ್ಲು ತಣ್ಣಗಾಗುತ್ತದಂತೆ. ಗ್ಯಾಸ್ ತುಂಬಿಸುವಂಥದ್ದೂ ಒಂದಿತ್ತು. ಅದನ್ನು ಸುಧಾಗೆ ತೋರಿಸಿದರೆ, "ಅಡಗಿ ಮನ್ಯಾಗ ಒಂದು ಗ್ಯಾಸ್ ಅದ, ಸಾಕು. ಅದನ್ನ ಆರಸೂದ ಮರೀತೀರಿ ನೀವು" ಎಂದು ಆ ಅಧ್ಯಾಯ ಮುಗಿಸಿದಳು. ಕೊಂಡವರು ಬರೆದ ಅಭಿಪ್ರಾಯಗಳನ್ನು ಓದಿದೆ. ಒಬ್ಬ ಮಹಾನುಭಾವ ಐದಕ್ಕೆ ಐದು ನಕ್ಷತ್ರ ಕೊಟ್ಟು "ಡಬ್ಬಿ ಚೆನ್ನಾಗಿದೆ, ಇನ್ನೂ ತೆರೆದಿಲ್ಲ" ಎಂದು ಬರೆದಿದ್ದ. ಮಗಳ ಮದುವೆಗೆ ಗಂಡು ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ ಎಂದು ಸುಧಾ ಇಂದಿಗೂ ಹೇಳುತ್ತಾಳೆ. ಕಡೆಗೆ ದಪ್ಪ ಪೆನ್ನಿನ ಆಕಾರದ, ಮೊಬೈಲಿನ ಚಾರ್ಜರಿಗೇ ಹೊಂದುವ ಒಂದನ್ನು ತರಿಸಿಕೊಂಡೆ.

ವಸ್ತು ಒಳ್ಳೆಯದೇ. ಜೇಬಿನಲ್ಲಿದ್ದಾಗ ಅಕಸ್ಮಾತ್ ಹತ್ತಿಕೊಂಡು ಅಂಗಿ ಸುಡಬಾರದೆಂದು ಅದಕ್ಕೊಂದು ಉಪಾಯ ಮಾಡಿದ್ದರು. ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತಿದರೆ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಒಂದು ಸಲ ಒತ್ತಿದರೆ ಸತ್ತಂತೆ ಬಿದ್ದಿರುತ್ತಿತ್ತು. ಎಚ್ಚರವಾದರೆ ಮಾತ್ರ ಮೂತಿಯ ಹತ್ತಿರ ಪುಟ್ಟ ದೀಪ ಹತ್ತಿ, ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ತುದಿ ಕಾದಿರುತ್ತಿತ್ತು. ದಪ್ಪ ತಂತಿ ಕೊಟ್ಟರೆ ಸ್ವಲ್ಪ ಏದುಸಿರು ಬಿಡುತ್ತದೆ, ಅದೊಂದು ಕೊರತೆ. ನಮ್ಮ ಮನೆಯಲ್ಲಿ ದಪ್ಪ ತಂತಿಯ ಕೆಲಸ ಇರಲಿಲ್ಲ. ಸೊಳ್ಳೆ ಬ್ಯಾಟನ್ನು ಸೋಫಾದ ಮೇಲೆ ಕೂತೇ ಸರಿಮಾಡಿದೆ. ಚಹಾ ಇಲ್ಲ, ಅವಲಕ್ಕಿ ಇಲ್ಲ, ಬಾರಾಮತಿ ಇಲ್ಲ. ಬಹಳ ಬೇಗ ಮುಗಿಯಿತು. ಮುಗಿದಾಗ ಪಕ್ಕದಲ್ಲಿ "ಆತು ನೋಡ್ರಿ!" ಎನ್ನುವವರು ಯಾರೂ ಇರಲಿಲ್ಲ. ಬ್ಯಾಟಿನ ಗುಂಡಿ ಒತ್ತಿ ನಾನೇ ಒಮ್ಮೆ ಚಟ್ ಎನಿಸಿದೆ.

ಅದೇ ವಾರ ಬಾಗಿಲ ಚೌಕಟ್ಟಿನ ಮೇಲಿನ ದೀಪದ ಸರ ಆರಿತು. ಅಲ್ಲಿ ಪ್ಲಗ್ಗಿಲ್ಲ, ನನ್ನ ಐರನ್ನಿಗೆ ಪ್ಲಗ್ಗು ಬೇಕಿಲ್ಲ. ಸ್ಟೂಲು ಹತ್ತಿ ಬೆಸೆಯುತ್ತಿದ್ದೆ. ಲಿಫ್ಟು ಕೆಟ್ಟಿತ್ತೋ ಏನೋ, ಗಚ್ಚಿಗೆ, ಅಂದರೆ ತಾರಸಿಗೆ, ಹೊರಟಿದ್ದ ದೇಸಾಯರು ಮೆಟ್ಟಿಲು ಹತ್ತಿ ಬಂದವರು ನಿಂತು ನೋಡಿದರು. ಅವರ ಕಣ್ಣು ಸ್ಟೂಲಿನ ಕೆಳಗೆ ವೈರು ಹುಡುಕಿತು.

"ಹೊಸಾದು ತೊಗೊಂಡ್ರೇನ್ರಿ, ಜೋಶಿಯವರ?"

"ಹೌದ್ರಿ. ಇನ್ನ ನಿಮಗ ತ್ರಾಸ ಇಲ್ಲ ನೋಡ್ರಿ" ಎಂದೆ, ಬಹಳ ದೊಡ್ಡ ಉಪಕಾರ ಮಾಡಿದವನ ಹಾಗೆ.

"ತ್ರಾಸ ಏನಿತ್ರಿ ಅದರಾಗ" ಎಂದರು ದೇಸಾಯರು. ಗಚ್ಚಿಗೆ ಹೊರಟಿದ್ದವರು ಹಾಗೆಯೇ ತಿರುಗಿ ಕೆಳಗೆ ಇಳಿದು ಹೋದರು.

ಆಮೇಲೆ ಅವರು ನಮ್ಮ ಕಡೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ "ಆರಾಮರೀ?" ಎಂದು ಕೇಳಿ, ಉತ್ತರ ಬರುವ ಮೊದಲೇ ಅಂಕಿಗಳು ಇಳಿಯುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಇಂದಿರಾಬಾಯಿ ಸುಧಾಳ ಮುಂದೆ ಹೇಳಿದರಂತೆ, ಹಳೇ ಐರನ್ನನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದ್ದಾರೆಂದು. "ಇನ್ನ ಯಾರಿಗೆ ಬೇಕು ಅದು ಅಂದ್ರಂತ" ಎಂದಳು ಸುಧಾ, ನನ್ನ ಮುಖವನ್ನೇ ನೋಡುತ್ತ. ನನಗೆ ಬೇಜಾರಾಯಿತು. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ ಅವರಿಲ್ಲದೆ ಮನೆ ಬಣಗುಟ್ಟತೊಡಗಿತ್ತು. ಬೆಳಗ್ಗೆ ಬಾಗಿಲು ದಾಟಿದ ಕೂಡಲೇ ನನ್ನ ನಾಲಿಗೆ ಮರಾಠಿಗೆ ಹೊರಳುತ್ತದೆ, ಆಫೀಸಿನಲ್ಲಿ ಹಿಂದಿಗೆ. ಮನೆಯ ಹೊರಗೆ ಧಾರವಾಡದ ಮಾತನ್ನು ಬಾಯ್ತುಂಬ ಆಡಲು ನನಗಿದ್ದ ಜಾಗ ಅದೊಂದೇ, ಆ ಕಾಯಲು ತಡಮಾಡುವ ಐರನ್ನಿನ ಅಕ್ಕಪಕ್ಕ.

ಸುಮ್ಮನೆ ಹೋಗಿ ಬಾಗಿಲು ಬಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಧಾ ಕೂಡ ಅದನ್ನೇ ಕೇಳಿದಳು. ಹೆಂಗಸರಿಗೆ ಅದು ಸುಲಭ. "ಸುಮ್ಮನ ಬಂದೆ" ಎಂದುಕೊಂಡು ಒಳಗೆ ಹೋಗಿ ಎರಡು ತಾಸು ಕೂತು ಬರುತ್ತಾರೆ. ನಮ್ಮಂಥ ಗಂಡಸರಿಗೆ ಇನ್ನೊಬ್ಬ ಗಂಡಸಿನ ಮನೆಗೆ ಹೋಗಲು ಕೈಯಲ್ಲೊಂದು ಕೆಲಸ ಬೇಕು. ನಿಮ್ಮ ಜೊತೆ ಮಾತಾಡಬೇಕೆನಿಸಿತು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಹಾಗೆ ಹೇಳಿಬಿಟ್ಟರೆ ಕೇಳಿದವರು ನಮ್ಮ ಆರೋಗ್ಯದ ಬಗ್ಗೆ ಗಾಬರಿಯಾಗುತ್ತಾರೆ. ಇಷ್ಟು ವರ್ಷ ಆ ಕೆಲಸವನ್ನು ನನಗೆ ಒದಗಿಸಿದ್ದು ಅವರ ಹಳೇ ಐರನ್ನು. ಅದನ್ನು ನಾನೇ ಅಟ್ಟ ಹತ್ತಿಸಿದ್ದೆ.

ಕೊನೆಗೆ ಒಂದು ರವಿವಾರ ಹೊಸ ಐರನ್ನನ್ನೇ ಕೈಯಲ್ಲಿ ಹಿಡಿದು ಕೆಳಗೆ ಹೋದೆ. "ದೇಸಾಯರ, ಇದು ಕೆಟ್ಟದ್ರಿ" ಎಂದೆ. ಹಸಿ ಸುಳ್ಳು. ಬೆಳಗ್ಗೆಯಷ್ಟೇ ಅದನ್ನು ಪೂರ್ತಿ ಚಾರ್ಜು ಮಾಡಿದ್ದೆ.

ದೇಸಾಯರ ಕಣ್ಣು ಅರಳಿದವು. ಆದರೂ ಗಂಭೀರವಾಗಿಯೇ ಅದನ್ನು ತೆಗೆದುಕೊಂಡು, ಗುಂಡಿಯನ್ನು ಒಂದು ಸಲ ಒತ್ತಿದರು. ದೀಪ ಹತ್ತಲಿಲ್ಲ. ಇನ್ನೊಂದು ಸಲ ನಿಧಾನವಾಗಿ, ಬೆರಳು ಊರಿ ಒತ್ತಿದರು. "ಪೂರಾ ಸತ್ತದ್ರಿ ಇದು!" ಎಂದು ಘೋಷಿಸಿದರು. ಐದು ಸಲ ಒತ್ತಬೇಕೆಂದು ನಾನು ಹೇಗೆ ಹೇಳಲಿ? ಹೇಳಿದರೆ ಅದು ಹತ್ತುತ್ತದೆ, ಹತ್ತಿದರೆ ನನ್ನ ಬಣ್ಣ ಬಯಲಾಗುತ್ತದೆ. "ಇಂದಿರಾ, ಚಹಾ ಇಡು. ಜೋಶಿಯವರು ಬಂದಾರ" ಎಂದು ಒಳಗೆ ಕೂಗಿ ದೇಸಾಯರು ಸ್ಕ್ರೂಡ್ರೈವರ್ ತೆಗೆದುಕೊಂಡರು.

ಆರೋಗ್ಯವಂತ ವಸ್ತುವೊಂದಕ್ಕೆ ಕಣ್ಣೆದುರೇ ಶಸ್ತ್ರಕ್ರಿಯೆ ಆಗುವುದನ್ನು ಅವಲಕ್ಕಿ ತಿನ್ನುತ್ತ ನೋಡುವ ಸಂಕಟ ಯಾರಿಗೂ ಬೇಡ. ಅದರ ಕವಚ ಬಿಚ್ಚುವುದಕ್ಕೆ ಅಲ್ಲ, ಮುಚ್ಚುವುದಕ್ಕೆ ಮಾತ್ರ ಮಾಡಿದ್ದು. ದೇಸಾಯರು ಅದನ್ನು ಸೀಳಿದಾಗ ಒಳಗಿನಿಂದ ಕಟ್ ಎಂದು ಸದ್ದು ಬಂತು, ನನ್ನ ಎದೆಯಲ್ಲೂ ಬಂತು. ಬ್ಯಾಟರಿಯ ಕೆಂಪು ತಂತಿ ಕಿತ್ತು ನೇತಾಡುತ್ತಿತ್ತು. "ನೋಡ್ರಿ, ಸಿಕ್ತು ರೋಗ!" ಎಂದು ಅವರು ನನಗೆ ಅದನ್ನು ತೋರಿಸಿದರು. ಆ ರೋಗ ಹುಟ್ಟಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. ಬೆಸೆಯಲು ಅಟ್ಟದಿಂದ ಹಳೇ ಐರನ್ನು ಇಳಿಯಿತು, ಎಕ್ಸ್‌ಟೆನ್ಶನ್ ಬಾಕ್ಸು ಬಂತು. ಅದು ಕಾಯುವತನಕ ನಾವಿಬ್ಬರೂ ಮಾತಾಡಿದೆವು. ಏನು ಮಾತಾಡಿದೆವೋ ನೆನಪಿಲ್ಲ, ಬಾರಾಮತಿಯೇ ಇರಬೇಕು. "ಗಟ್ಟಿ ಹಿಡೀರಿ, ಕೈ ನಡಗಸಬ್ಯಾಡ್ರಿ" ಎಂದು ಗದರಿಸಿಕೊಂಡು ತಂತಿ ಹಿಡಿದು ಕೂತಾಗ ನನಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು.

ಬೆಸುಗೆ ಮುಗಿಯಿತು. ಕವಚವನ್ನು ಟೇಪಿನಿಂದ ಸುತ್ತಿದ್ದಾಯಿತು. ದೇಸಾಯರು ಗುಂಡಿ ಒತ್ತಿದರು, ಒಂದೇ ಸಲ. ದೀಪ ಹತ್ತಲಿಲ್ಲ. ಮತ್ತೆ ಒತ್ತಿ ಕಿವಿಯ ಹತ್ತಿರ ಹಿಡಿದು ಕೇಳಿದರು. ಅವರ ಮುಖ ಬಾಡಿತು. "ವಯಸ್ಸಾತ್ರಿ ನನಗ. ಈಗಿನ ಮಾಲು ನನ್ನ ಕೈಗೆ ಹತ್ತೂದಿಲ್ಲ ಅನಸ್ತದ" ಎಂದು ಮೇಜಿನ ಮೇಲಿಟ್ಟರು. ಐರನ್ನು ಹೋದರೆ ಹೋಗಲಿ, ಆ ಮನುಷ್ಯ ಹೀಗೆ ಮಾತಾಡಬಾರದು. "ಕೊಡ್ರಿಲ್ಲೆ, ನಾನೊಮ್ಮೆ ನೋಡ್ತೀನಿ" ಎಂದು ಕೈಗೆ ತೆಗೆದುಕೊಂಡು, ಮನಸ್ಸಿನಲ್ಲಿ ದೇವರನ್ನು ನೆನೆದು, ಬೇಗ ಬೇಗ ಐದು ಸಲ ಒತ್ತಿದೆ. ದೀಪ ಹತ್ತಿತು!

"ಆತು ನೋಡ್ರಿ!" ದೇಸಾಯರು ಕುರ್ಚಿಯಿಂದ ಎದ್ದೇ ನಿಂತರು. ತಾವೂ ಆರಿಸಿ, ಹತ್ತಿಸಿ ನೋಡಿದರು. ಐದು ಸಲ ಒತ್ತದ ಹೊರತು ಅದು ಹತ್ತುವುದಿಲ್ಲವೆಂದು ತಾವೇ ಕಂಡುಹಿಡಿದು, ತಲೆ ಅಲ್ಲಾಡಿಸಿದರು. "ಹಳೇ ದೋಷ ಸ್ವಲ್ಪ ಉಳದದ್ರಿ. ಒಮ್ಮೆ ಒತ್ತಿದರ ಹತ್ತಬೇಕು. ಇರ್ಲಿ, ನನ್ನ ಕಡೆ ಬಿಡ್ರಿ. ಪೂರಾ ಸರಿ ಮಾಡೇ ಕೊಡ್ತೀನಿ." ನಾನು ಬಿಟ್ಟುಬಂದೆ. ಬೇರೆ ದಾರಿಯಿರಲಿಲ್ಲ.

ಆ ದೋಷ ಇಂದಿನವರೆಗೂ ಹೋಗಿಲ್ಲ, ಹಾಗಾಗಿ ಐರನ್ನೂ ಮನೆಗೆ ಬಂದಿಲ್ಲ. ಬೇಕಾದಾಗ ಕೆಳಗೆ ಹೋಗಿ ಕೇಳುತ್ತೇನೆ. ಚಹಾ ಆಗುತ್ತದೆ, ಅವಲಕ್ಕಿ ಆಗುತ್ತದೆ, ಆಮೇಲೆ ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ದೇಸಾಯರು ಬರುತ್ತಾರೆ. ಬಂದು ನನ್ನ ಕಿವಿಯ ಹತ್ತಿರ ನಿಲ್ಲುತ್ತಾರೆ. ಮೊದಲಿನಷ್ಟೇ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ. ಹೋದ ವಾರ ಎಮರ್ಜೆನ್ಸಿ ಲ್ಯಾಂಪಿನ ತಂತಿ ಬೆಸೆದಾದ ಮೇಲೆ ಅವರು ಐರನ್ನನ್ನು ಅಕ್ಕರೆಯಿಂದ ಒರೆಸಿ ಜೇಬಿಗಿಟ್ಟುಕೊಂಡರು. ಚಪ್ಪಲಿ ಮೆಟ್ಟುತ್ತ, "ಜೋಶಿಯವರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದರು. "ಎಷ್ಟಂತ ಹಿಂಗ ಕೇಳಕೋತ ಬರ್ತೀರಿ? ನೀವೂ ಇಂಥಾದೊಂದು ಸ್ವಂತದ್ದು ತೊಗೊಂಡಬಿಡ್ರಲಾ."

ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಒಳಗೆ ಅಡಿಗೆಮನೆಯಲ್ಲಿ ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಬ್ಯಾಡ್ರಿ, ದೇಸಾಯರ" ಎಂದೆ. "ಅದರಾಗ ನನಗೇನೂ ತಿಳಿಯೂದಿಲ್ಲ."