3,60,360ರಲ್ಲಿ ಉಳಿದ ಎಂಟು ಕಡ್ಡಿ

ಇಂದ:
ಮುನಿಗಂಗಮ್ಮ, 67 ವರ್ಷ, ಊದಿನಕಡ್ಡಿ ಹೊಸೆಯುವವಳು, ಹಲಸೂರು.
(ಹೊಸೆಯುತ್ತಲೇ ಬರೆಯುತ್ತಿರುವುದರಿಂದ ಹಾಳೆಯ ಮೇಲೆ ಹಿಟ್ಟಿನ ಹೆಬ್ಬೆಟ್ಟು ಬಿದ್ದಿದೆ. ಅದನ್ನು ಸಹಿ ಎಂದು ಭಾವಿಸಬಾರದು. ಸಹಿ ಕೆಳಗಿದೆ.)

ಗೆ:
ಪರೀಕ್ಷಾಧಿಕಾರಿಗಳು, ವಯಸ್ಕರ ರಾತ್ರಿ ಶಾಲೆಗಳ ಪರೀಕ್ಷಾ ಕಚೇರಿ, ಬೆಂಗಳೂರು.

ವಿಷಯ: 3,60,360 ಎಂಬ ಸಂಖ್ಯೆಯ ಗುಣನಡತೆ ಹಾಗೂ ನನಗೆ ಬರಬೇಕಾದ ಎರಡು ಅಂಕಗಳ ಕುರಿತು.

ಉಲ್ಲೇಖ: 1997ರ ಏಳನೇ ತರಗತಿ ಗಣಿತ ಪತ್ರಿಕೆ, ಪ್ರಶ್ನೆ 9.

ಮಾನ್ಯರೇ,

ಸದರಿ ಪ್ರಶ್ನೆ ಹೀಗಿತ್ತು: "ಈ ದಿನ ಕೆಲಸಕ್ಕೆ 15 ಹೆಂಗಸರು ಬಂದಿದ್ದಾರೆ. 3,60,360 ಊದಿನಕಡ್ಡಿಗಳನ್ನು ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಉಳಿಯುವುದೆಷ್ಟು?" ನಾನು ತಲಾ 22,522, ಉಳಿಕೆ 8 ಎಂದು ಬರೆದೆ. ತಾವು ತಲಾ 24,024, ಉಳಿಕೆ ಸೊನ್ನೆ ಎಂದು ಕೆಂಪು ಗೀಟು ಎಳೆದಿರಿ. 35 ಬೇಕಾದಲ್ಲಿ 33 ಬಂದು ನಪಾಸಾದೆ. ದಿನಕ್ಕೆ ಐದು ಸಾವಿರ ಹೊಸೆದರೇ ಸೊಂಟ ಬಿದ್ದುಹೋಗುತ್ತದೆ. ಇಪ್ಪತ್ತನಾಲ್ಕು ಸಾವಿರ ಕೊಟ್ಟವರು ಎಂದೂ ಕಡ್ಡಿ ಹೊಸೆದಿಲ್ಲ ಎಂಬ ವಿಚಾರವನ್ನು ಈ ಅರ್ಜಿಯಲ್ಲಿ ಎತ್ತುವುದಿಲ್ಲ.

1. ನಮ್ಮ ಶೆಡ್ಡಿನಲ್ಲಿ ಹೊಸೆಯಲು ಹದಿನಾರು ಹಲಗೆ, ಒಬ್ಬೊಬ್ಬಳಿಗೆ ಒಂದು. ಹದಿನೈದು ಜನ ಬಂದಿದ್ದಾರೆ ಎಂದರೆ ಒಬ್ಬಳು ಬಂದಿಲ್ಲ. ಜ್ವರವೋ, ಬಾಣಂತನವೋ. ಅವಳ ಪಾಲನ್ನು ಎತ್ತಿಟ್ಟು, ಸಂಜೆ ಎಲ್ಲರೂ ಸೇರಿ ಹೊಸೆದು, ಕೂಲಿಯನ್ನು ಅವಳಿಗೆ ಮುಟ್ಟಿಸುವುದು ಮೂವತ್ತು ವರ್ಷದ ವಾಡಿಕೆ. ಕಾರಣ, ಹದಿನಾರರಿಂದ ಭಾಗಿಸಿದೆ.

2. ಸದರಿ ಸಂಖ್ಯೆ ಬಲು ಸಂಭಾವಿತ. ಒಂದರಿಂದ ಹದಿನೈದರವರೆಗೆ ಎಷ್ಟೇ ಜನ ಬಂದರೂ ಸಮನಾಗಿ ಹಂಚಿಹೋಗುತ್ತದೆ. ಏಳು, ಹನ್ನೊಂದು, ಹದಿಮೂರು ಎಂಬ ಮೊಂಡರಿಗೂ ಉಳಿಕೆಯಿಲ್ಲ. ಇಷ್ಟೂ ಜನಕ್ಕೆ ಒಗ್ಗುವ ಸಂಖ್ಯೆ ಇದಕ್ಕಿಂತ ಚಿಕ್ಕದಿಲ್ಲವೆಂದು ರಾತ್ರಿ ಶಾಲೆಯ ಪದ್ಮಶ್ರೀ ಮೇಡಂ ಹೇಳಿದರು. ನಂಬದೆ ಎಂಟು ತಿಂಗಳು ಹುಡುಕಿದೆ. ಇಲ್ಲ.

3. ಆದರೆ ಹದಿನಾರನೆಯವಳು ಬಂದೊಡನೆ ಇದು ಮುಖ ಗಂಟಿಕ್ಕುತ್ತದೆ. ಮೂರು ಸಲ ಅರ್ಧ ಮಾಡಿದರೆ 45,045. ನಾಲ್ಕನೇ ಸಲ ಅರ್ಧವಾಗಲು ಒಪ್ಪುವುದಿಲ್ಲ. ಆದ್ದರಿಂದ ಎಂಟು ಕಡ್ಡಿ ಉಳಿಯುತ್ತವೆ. ತಪ್ಪು ನನ್ನದಲ್ಲ, ಸಂಖ್ಯೆಯದು.

ಈ ಅರ್ಜಿಯನ್ನು 1997ರಲ್ಲೇ ಬರೆದಿದ್ದೆ. ಪಕ್ಕದ ಹಲಗೆಯ ಕಮರುನ್ನೀಸಾ ನಕ್ಕಳು: "ಅರೆ ಅಕ್ಕಾ, ಎರಡು ಮಾರ್ಕ್ಸ್‌ಗೆ ಅರ್ಜಿನಾ? ಈ ವಯಸ್ಸಲ್ಲಿ ಪಾಸಾಗಿ ಡೀಸಿ ಆಗ್ತೀಯಾ? ಮಡ್ಚಿಡು." ಅಕ್ಕಿ ಡಬ್ಬದಡಿ ಮಡಚಿಟ್ಟೆ.

ಈಗ 1999. ಮಾಲೀಕರು ಬದಲಾಗಿದ್ದಾರೆ. ಕಡ್ಡಿ ಹಂಚುವವರು ಏಳನೇ ಕ್ಲಾಸು ಪಾಸಾಗಿರಬೇಕೆಂಬುದು ಅವರ ನಿಯಮ. ಹಂಚುತ್ತಿರುವುದು ಅವರ ಬಾಮೈದ ಕೆಂಪರಾಜ್. ಕಮರುನ್ನೀಸಾ ಮಣಿಕಟ್ಟು ಮುರಿದುಕೊಂಡು ಎರಡು ತಿಂಗಳಿಂದ ಮನೆಯಲ್ಲಿದ್ದಾಳೆ. ಅವಳ ಪಾಲು ಕೇಳಿದೆ.

"ಏನಜ್ಜಿ, ಇಲ್ಲದೋರಿಗೂ ಪಾಲು ಹಾಕ್ತಾರಾ? ಬಂದಿರೋದು ಹದಿನೈದು ಜನ."

"ಹಲಗೆ ಎಣಿಸಪ್ಪಾ."

"ಮೊದ್ಲು ಪಾಸಾಗಿ ಬನ್ನಿ, ಆಮೇಲೆ ಎಣ್ಸೋಣ."

ಪಾಲಿಲ್ಲದೆ ಕಮರುನ್ನೀಸಾಳಿಗೆ ಕೂಲಿಯಿಲ್ಲ. ನಿನ್ನೆ ಅವಳ ಮನೆಗೆ ಹೋದಾಗ ಅವಳೇ ಕೇಳಿದಳು: "ಅಕ್ಕಾ, ಆ ಅರ್ಜಿ ಇನ್ನೂ ಇದ್ಯಾ?"

ಇತ್ತು. ಮೊದಲ ಹಾಳೆಯನ್ನು ಜಿರಲೆ ತಿಂದಿದ್ದರಿಂದ ಮತ್ತೆ ಬರೆದಿದ್ದೇನೆ.

ಆದ್ದರಿಂದ, ನನ್ನ ಎರಡು ಅಂಕಗಳನ್ನು ದಯಪಾಲಿಸಿ ಪಾಸು ಪತ್ರ ಕಳುಹಿಸಬೇಕಾಗಿಯೂ, ಮುಂದಿನ ಪರೀಕ್ಷೆಯಿಂದ ಸಂಖ್ಯೆಯನ್ನು ಇಮ್ಮಡಿಸಿ 7,20,720 ಎಂದು ತಿದ್ದಬೇಕಾಗಿಯೂ ವಿನಂತಿ. ಆಗ ಹದಿನೈದಕ್ಕೆ ಭಾಗಿಸಿದರೂ ಹದಿನಾರಕ್ಕೆ ಭಾಗಿಸಿದರೂ ಏನೂ ಉಳಿಯುವುದಿಲ್ಲ.

ಎರಡೇ ಅಂಕದ ದೂರದಲ್ಲಿರುವ ತಮ್ಮ ವಿಶ್ವಾಸಿ,
ಮುನಿಗಂಗಮ್ಮ (ಇದು ಸಹಿ)

ಲಗತ್ತುಗಳು:
1. ಭಾಗಾಕಾರದ ಹಾಳೆಗಳು, ನಲವತ್ತೊಂದು.
2. ಉಳಿದ ಊದಿನಕಡ್ಡಿಗಳು, ಎಂಟು.

ವಿ.ಸೂ.: ಲಕೋಟೆಗೆ ಕಡ್ಡಿ ಹಿಟ್ಟನ್ನೇ ಮೆತ್ತಿ ಈಗ ಅಂಚೆ ಡಬ್ಬಿಗೆ ಹಾಕಲು ಹೊರಟಿದ್ದೇನೆ. ಲಗತ್ತು 2ನ್ನು ಕಚೇರಿಯಲ್ಲಿ ಹಂಚಿಕೊಳ್ಳುವಾಗ, ಆ ದಿನ ರಜೆ ಹಾಕಿದವರಿಗೂ ಒಂದನ್ನು ಎತ್ತಿಡಬೇಕಾಗಿ ಕೋರಿಕೆ.